ಇಲ್ಲದಿರುವುದನ್ನು ತೋರಿಸುವ ಕೆಲಸ: ನಮ್ಮ ಕಾರ್ಖಾನೆಗೆ ಬಂದ ರಾಸಾಯನಿಕ ಅಸ್ತ್ರ ತಪಾಸಣೆ

ಬೀದರ್‌ನ ಕೊಳ್ಹಾರ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗದ ದಾಖಲೆಗಳ ಹೊಣೆ ನನ್ನದು. ನಾವು ಮಾತ್ರೆ ಮಾಡುವುದಿಲ್ಲ; ಮಾತ್ರೆ ಮಾಡುವವರಿಗೆ ಬೇಕಾದ ಮೂಲ ಔಷಧವನ್ನೂ ಅದಕ್ಕೂ ಹಿಂದಿನ ಹಂತದ ಇಂಟರ್‌ಮೀಡಿಯೆಟ್‌ಗಳನ್ನೂ ತಯಾರಿಸುತ್ತೇವೆ. ಇಂಥ ಕಾರ್ಖಾನೆಗೆ ವರ್ಷವಿಡೀ ಒಬ್ಬರಲ್ಲ ಒಬ್ಬರು ತಪಾಸಣೆಗೆ ಬರುತ್ತಲೇ ಇರುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊರಹೋಗುವ ನೀರನ್ನು ನೋಡುತ್ತಾರೆ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯವರು ಕೆಲಸಗಾರರ ಸುರಕ್ಷತೆಯನ್ನು ನೋಡುತ್ತಾರೆ, ಗಿರಾಕಿ ಕಂಪನಿಗಳ ಆಡಿಟರ್‌ಗಳು ಮಾಲಿನ ಶುದ್ಧತೆಯನ್ನು ನೋಡುತ್ತಾರೆ. ಇವರೆಲ್ಲರೂ ಇರುವುದನ್ನು ಅಳೆಯುವವರು. ಇರಬಾರದ ವಸ್ತುವೊಂದು ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದಕ್ಕಾಗಿಯೇ ಬರುವ ತಪಾಸಣೆಯೊಂದಿದೆ, ಅದು ನಮ್ಮಂಥ ಊರಿನ ಕಾರ್ಖಾನೆಯ ಗೇಟಿನವರೆಗೂ ಬರಬಲ್ಲದು ಎಂಬುದು ನನಗೆ ಗೊತ್ತಾದದ್ದು ವಾರ್ಷಿಕ ಘೋಷಣೆ ಬರೆಯುವ ಕೆಲಸ ನನ್ನ ಮೇಜಿಗೆ ಬಂದ ಮೇಲೆ.

ಆ ತಪಾಸಣೆ ನಡೆಸುವುದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರಗಳ ನಿಷೇಧ ಸಂಸ್ಥೆ. ನಮ್ಮ ವಲಯದಲ್ಲಿ ಎಲ್ಲರೂ ಒಪಿಸಿಡಬ್ಲ್ಯೂ ಎಂದೇ ಕರೆಯುತ್ತಾರೆ. ಅದರ ಹಿಂದಿರುವ ಒಪ್ಪಂದಕ್ಕೆ ಭಾರತ 1993ರ ಜನವರಿಯಲ್ಲಿ ಸಹಿ ಹಾಕಿ 1996ರಲ್ಲಿ ಅನುಮೋದನೆ ನೀಡಿತು. ಒಪ್ಪಂದ ಜಾರಿಗೆ ಬಂದದ್ದು 1997ರ ಏಪ್ರಿಲ್ 29ರಂದು. ನಮ್ಮ ದೇಶವೂ ತನ್ನ ಬಳಿಯಿದ್ದ ರಾಸಾಯನಿಕ ಅಸ್ತ್ರಗಳ ಸಂಗ್ರಹವನ್ನು ಆಗ ಘೋಷಿಸಿ, 2009ರ ವೇಳೆಗೆ ಪೂರ್ತಿ ನಾಶಪಡಿಸಿತು. ಸೈನ್ಯಗಳ ಸಂಗ್ರಹವನ್ನು ನಾಶಪಡಿಸುವುದು ಒಮ್ಮೆ ಮುಗಿಯುವ ಕೆಲಸ, ಕಾರ್ಖಾನೆಗಳ ಮೇಲೆ ಕಣ್ಣಿಡುವುದು ಮುಗಿಯದ ಕೆಲಸ. ಅದಕ್ಕಾಗಿ ನಮ್ಮಲ್ಲಿ 2000ದ ರಾಸಾಯನಿಕ ಅಸ್ತ್ರಗಳ ಒಪ್ಪಂದ ಕಾಯ್ದೆ ಇದೆ, 2005ರ ಜುಲೈ 1ರಿಂದ ಜಾರಿಯಲ್ಲಿದೆ; ದೆಹಲಿಯಲ್ಲಿ ಸಂಪುಟ ಸಚಿವಾಲಯದ ಅಡಿಯಲ್ಲಿ ಒಂದು ರಾಷ್ಟ್ರೀಯ ಪ್ರಾಧಿಕಾರವೂ ಇದೆ. ನಮ್ಮ ಪತ್ರವ್ಯವಹಾರವೆಲ್ಲ ಈ ಪ್ರಾಧಿಕಾರದೊಂದಿಗೆ. ಹೇಗ್‌ಗೆ ನಾವು ನೇರವಾಗಿ ಏನನ್ನೂ ಬರೆಯುವುದಿಲ್ಲ.

ಒಪ್ಪಂದದಲ್ಲಿ ಮೂರು ಪಟ್ಟಿಗಳಿವೆ. ಸರಿನ್, ವಿಎಕ್ಸ್, ಸಾಸಿವೆ ಅನಿಲಗಳಂಥ ಅಸ್ತ್ರವಲ್ಲದೆ ಬೇರೆ ಬಳಕೆ ಹೆಚ್ಚೇನೂ ಇಲ್ಲದ ವಸ್ತುಗಳು ಮೊದಲನೆಯದರಲ್ಲಿ; ಎಲ್ಲ ಸೇರಿ ಒಂದು ದೇಶದ ಬಳಿ ಒಟ್ಟು ಒಂದು ಟನ್ನಿಗಿಂತ ಹೆಚ್ಚು ಇರುವಂತಿಲ್ಲ, ಅದೂ ಸಂಶೋಧನೆ, ವೈದ್ಯಕೀಯ, ಔಷಧ ಇಲ್ಲವೇ ರಕ್ಷಣೋಪಾಯಗಳ ಪರೀಕ್ಷೆಗೆ ಮಾತ್ರ. ಅಲ್ಪ ಪ್ರಮಾಣದಲ್ಲಿ ಉದ್ಯಮದಲ್ಲಿ ಬಳಕೆಯಾಗುವ ಥಯೋಡೈಗ್ಲೈಕಾಲ್‌ನಂಥವು ಎರಡನೆಯದರಲ್ಲಿ. ಸಾವಿರಾರು ಟನ್ ಲೆಕ್ಕದಲ್ಲಿ ತಯಾರಾಗಿ ಬಣ್ಣ, ಕೀಟನಾಶಕ, ಪ್ಲಾಸ್ಟಿಕ್, ಔಷಧಗಳಿಗೆ ಹೋಗುವ ಫಾಸ್ಜೀನ್, ಫಾಸ್ಫರಸ್ ಆಕ್ಸಿಕ್ಲೋರೈಡ್, ಥಯೋನಿಲ್ ಕ್ಲೋರೈಡ್, ಟ್ರೈಎಥನಾಲಮೀನ್ ಮೊದಲಾದವು ಮೂರನೆಯದರಲ್ಲಿ. ಮೊದಲ ಪಟ್ಟಿಯಲ್ಲಿ ನನ್ನನ್ನು ಬೆರಗುಗೊಳಿಸಿದ ಹೆಸರು ರಿಸಿನ್. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲ ಬೀಜದಲ್ಲಿರುವ ವಿಷ ಅದು. ಔಡಲೆಣ್ಣೆ ತೆಗೆಯುವ ಗಿರಣಿಗಳು ರಿಸಿನ್ ಅನ್ನು ಬೇರ್ಪಡಿಸುವುದಿಲ್ಲವಾದ ಕಾರಣ ಅವುಗಳಿಗೆ ಘೋಷಣೆಯ ಗೊಡವೆ ಇಲ್ಲವೆಂದು ಸದಸ್ಯ ದೇಶಗಳು ತೀರ್ಮಾನಿಸಿವೆ. ಇಲ್ಲದಿದ್ದರೆ ಎಷ್ಟು ಗಾಣದವರು ಫಾರ್ಮು ತುಂಬಬೇಕಾಗುತ್ತಿತ್ತೋ!

ನಮ್ಮ ಸ್ಟೋರ್ಸ್‌ನ ಹಿಂಭಾಗದಲ್ಲಿ, ಬೇರೆಯೇ ಷೆಡ್ಡಿನಲ್ಲಿ, ಥಯೋನಿಲ್ ಕ್ಲೋರೈಡ್‌ನ ಡ್ರಮ್ಮುಗಳಿರುತ್ತವೆ. ಆಮ್ಲವನ್ನು ಆಮ್ಲ ಕ್ಲೋರೈಡ್ ಮಾಡಿಕೊಳ್ಳಲು ಔಷಧ ಕಾರ್ಖಾನೆಗಳಲ್ಲಿ ಅದನ್ನು ಮೀರಿದ ಸುಲಭದ ವಸ್ತು ಇನ್ನೊಂದಿಲ್ಲ. ಮುಚ್ಚಳ ಸಡಿಲಿಸಿದರೆ ಸಾಕು, ಗಾಳಿಯ ತೇವಕ್ಕೆ ಹೊಗೆಯಾಡಿ ಗಂಧಕದ ಘಾಟು ಮೂಗಿಗೆ ಹತ್ತುತ್ತದೆ. ಸಾಸಿವೆ ಅನಿಲದ ತಯಾರಿಕೆಗೂ ಬಳಕೆಯಾಗಬಲ್ಲದೆಂಬ ಕಾರಣಕ್ಕೆ ಅದು ಮೂರನೆಯ ಪಟ್ಟಿಯಲ್ಲಿದೆ. ಈ ಡ್ರಮ್ಮುಗಳಿಂದಾಗಿಯೇ ನಾವು ಒಪ್ಪಂದದ ಲೆಕ್ಕಕ್ಕೆ ಸಿಕ್ಕಿದ್ದೇವೆಂದು ಕಾರ್ಖಾನೆಯಲ್ಲಿ ಎಲ್ಲರೂ ನಂಬಿದ್ದರು; ನಿಯಮ ಹಾಗಿಲ್ಲ. ಮೂರನೆಯ ಪಟ್ಟಿಯ ವಸ್ತುವನ್ನು ವರ್ಷಕ್ಕೆ 30 ಟನ್ನಿಗಿಂತ ಹೆಚ್ಚು ತಯಾರಿಸುವವರು ಘೋಷಿಸಬೇಕು, 200 ಟನ್ ದಾಟಿದರೆ ತಪಾಸಣೆಗೂ ಒಳಪಡಬೇಕು. ಕೊಂಡು ಬಳಸುವ ಕಾರ್ಖಾನೆಗೆ ಒಪ್ಪಂದದ ಆ ಘೋಷಣೆ ಅನ್ವಯಿಸುವುದಿಲ್ಲ. ಎರಡನೆಯ ಪಟ್ಟಿಯಾದರೆ ತಯಾರಿಕೆಯಷ್ಟೇ ಅಲ್ಲದೆ ಸಂಸ್ಕರಣೆ, ಬಳಕೆಗಳೂ ಲೆಕ್ಕಕ್ಕೆ ಬರುತ್ತವೆ, ಮಿತಿಗಳೂ ಬಿಗಿ: ಹೆಚ್ಚಿನವಕ್ಕೆ ಒಂದು ಟನ್, ಕೆಲವಕ್ಕೆ 100 ಕಿಲೋ, ಬಿಜೆಡ್ ಎಂಬ ಒಂದಕ್ಕೆ ಒಂದೇ ಕಿಲೋ.

ನಾವು ಸಿಕ್ಕಿದ್ದು ನಾಲ್ಕನೆಯ ಗುಂಪಿನಲ್ಲಿ. ಯಾವ ಪಟ್ಟಿಯಲ್ಲೂ ಇಲ್ಲದ, ಆದರೆ ರಾಸಾಯನಿಕ ಕ್ರಿಯೆಯಿಂದ ತಯಾರಾಗುವ ಸಾವಯವ ರಾಸಾಯನಿಕಗಳನ್ನು ವರ್ಷಕ್ಕೆ ಒಟ್ಟು 200 ಟನ್ನಿಗಿಂತ ಹೆಚ್ಚು ಮಾಡುವ ಯಾವ ಕಾರ್ಖಾನೆಯೂ ತನ್ನನ್ನು ಘೋಷಿಸಿಕೊಳ್ಳಬೇಕು. ಅಣುವಿನಲ್ಲಿ ರಂಜಕ, ಗಂಧಕ ಇಲ್ಲವೇ ಫ್ಲೋರಿನ್ ಇದ್ದರೆ ಒಂದೊಂದು ವಸ್ತುವಿಗೂ 30 ಟನ್ನಿನ ಮಿತಿ. ನರಗಳನ್ನು ಹಿಡಿಯುವ ವಿಷಗಳಲ್ಲಿ ರಂಜಕವೂ ಫ್ಲೋರಿನ್ನೂ, ಸಾಸಿವೆ ಅನಿಲದಲ್ಲಿ ಗಂಧಕವೂ ಇರುವುದರಿಂದ ಅವನ್ನು ಕೂಡಿಸಿ ಕೆಲಸ ಮಾಡಬಲ್ಲ ಉಪಕರಣ, ಅನುಭವಗಳ ಮೇಲೆ ಹೆಚ್ಚಿನ ಕಣ್ಣು. ನಮ್ಮ ಮುಖ್ಯ ಇಂಟರ್‌ಮೀಡಿಯೆಟ್ ಒಂದರಲ್ಲಿ ಗಂಧಕವಿದೆ, ಇನ್ನೊಂದರಲ್ಲಿ ಫ್ಲೋರಿನ್ ಇದೆ. ಕೇವಲ ಹೈಡ್ರೋಕಾರ್ಬನ್‌ಗಳನ್ನೋ ಸ್ಫೋಟಕಗಳನ್ನೋ ಮಾಡುವ ಸ್ಥಾವರಗಳಿಗೆ ವಿನಾಯಿತಿ ಉಂಟು.

ಘೋಷಣೆ ಬರೆಯಲು ಕುಳಿತಾಗ ಮೊದಲು ಕೈಹಿಡಿದು ನಿಲ್ಲಿಸಿದ್ದು ಕ್ಯಾಲೆಂಡರ್. ನಮ್ಮ ಲೆಕ್ಕಪತ್ರ, ದಾಸ್ತಾನು ಪುಸ್ತಕ, ಸಾಫ್ಟ್‌ವೇರ್ ಎಲ್ಲವೂ ಏಪ್ರಿಲ್‌ನಿಂದ ಮಾರ್ಚ್‌ಗೆ ಓಡುತ್ತವೆ. ಒಪ್ಪಂದದ ವರ್ಷ ಜನವರಿಯಿಂದ ಡಿಸೆಂಬರ್. ಎರಡು ಆರ್ಥಿಕ ವರ್ಷಗಳ ಲೆಕ್ಕವನ್ನು ಕತ್ತರಿಸಿ ಒಂದು ಮಾಡಬೇಕು, ಡಿಸೆಂಬರ್ ಕೊನೆಯ ರಾತ್ರಿ ರಿಯಾಕ್ಟರ್‌ನಲ್ಲಿ, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆಯಲ್ಲಿ, ಅರ್ಧವಾಗಿದ್ದ ಬ್ಯಾಚ್ ಯಾವ ವರ್ಷಕ್ಕೆ ಸೇರುತ್ತದೆಂದು ತೀರ್ಮಾನಿಸಬೇಕು. ಆಮೇಲೆ ಬಂದದ್ದು ಏನನ್ನು ಎಣಿಸಬೇಕು ಎಂಬ ಪ್ರಶ್ನೆ. ಐದಾರು ಹಂತಗಳಲ್ಲಿ ತಯಾರಾಗುವ ಔಷಧದಲ್ಲಿ ಪ್ರತಿ ಹಂತದ ತೂಕವನ್ನೂ ಕೂಡಿಸಿದರೆ ಅಂಕಿ ಸುಮ್ಮನೆ ಉಬ್ಬುತ್ತದೆ. ಬಹುಹಂತದ ತಯಾರಿಕೆಯಲ್ಲಿ ಕೊನೆಯ ವಸ್ತುವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಬಳಸಿದ ಟಾಲುಯೀನ್, ಮೆಥನಾಲ್‌ಗಳನ್ನು ಬಟ್ಟಿ ಇಳಿಸಿ ಮರಳಿ ಪಡೆಯುವುದು ರಾಸಾಯನಿಕ ಕ್ರಿಯೆಯಲ್ಲವಾದ್ದರಿಂದ, ಟನ್ನುಗಟ್ಟಲೆ ಇದ್ದರೂ ಅದು ಸೇರುವುದಿಲ್ಲ. ಇದನ್ನು ನಮ್ಮ ಲೆಕ್ಕ ವಿಭಾಗದವರಿಗೆ ಒಪ್ಪಿಸುವುದು ಸುಲಭವಾಗಿರಲಿಲ್ಲ, ಏಕೆಂದರೆ ಅವರ ಪುಸ್ತಕದಲ್ಲಿ ಮರಳಿ ಪಡೆದ ದ್ರಾವಕವೂ ‘ಉತ್ಪಾದನೆ’ಯೇ.

ಇಷ್ಟೆಲ್ಲ ತಿಣುಕಿದ ಮೇಲೆ ಫಾರ್ಮಿನಲ್ಲಿ ತುಂಬುವುದು ಬಹಳ ಕಡಿಮೆ. ಕಾರ್ಖಾನೆಯ ಹೆಸರು, ಮಾಲೀಕರು, ನಿಖರ ಸ್ಥಳ, ಮುಖ್ಯ ಚಟುವಟಿಕೆ, ಸ್ಥಾವರಗಳ ಸರಿಸುಮಾರು ಸಂಖ್ಯೆ, ಮತ್ತು ಒಟ್ಟು ಉತ್ಪಾದನೆ 1,000 ಟನ್ನಿಗಿಂತ ಕೆಳಗೋ, 1,000ದಿಂದ 10,000ದೊಳಗೋ, ಅದಕ್ಕೂ ಮೇಲೋ ಎಂಬ ಶ್ರೇಣಿ. ಯಾವ ವಸ್ತು ಎಂದು ಹೆಸರಿಸಬೇಕಾಗಿಲ್ಲ, ಯಾರಿಗೆ ಮಾರುತ್ತೇವೆಂದು ಹೇಳಬೇಕಾಗಿಲ್ಲ. ಉದ್ಯಮದ ಗುಟ್ಟುಗಳು ಹೊರಹೋಗದಂತೆ ಒಪ್ಪಂದ ಬರೆಯುವಾಗಲೇ ಎಚ್ಚರ ವಹಿಸಿದ್ದರ ಫಲ ಇದು. ಈ ಮಿತವ್ಯಯ ನನಗೆ ಮೆಚ್ಚುಗೆಯಾದರೂ ಅದರ ಇನ್ನೊಂದು ಮುಖವನ್ನು ಕಾಣದಿರಲಾಗದು: ಇಷ್ಟು ಕಡಿಮೆ ತಿಳಿಸಿದ ಕಾರ್ಖಾನೆಯೊಳಗೆ ನಿಜವಾಗಿ ಏನು ನಡೆಯುತ್ತಿದೆಯೆಂದು ತಿಳಿಯಲು ಯಾರಾದರೂ ಬಂದು ನೋಡಲೇಬೇಕಾಗುತ್ತದೆ. ಎಲ್ಲಿಗೆ ಬರಬೇಕೆಂಬುದನ್ನು ಹೇಗ್‌ನ ಕಚೇರಿಯಲ್ಲಿ ಗಣಕಯಂತ್ರ ಆರಿಸುತ್ತದೆ. ದೇಶಗಳ ನಡುವಿನ ಹಂಚಿಕೆ, ಕಾರ್ಖಾನೆಯ ಬಗ್ಗೆ ಲಭ್ಯವಿರುವ ಮಾಹಿತಿ ಇತ್ಯಾದಿಗಳಿಗೆ ತೂಕ ಕೊಟ್ಟು ಎತ್ತುವ ಚೀಟಿ ಅದು.

ನಮ್ಮ ಹೆಸರಿನ ಚೀಟಿ ಬಂದ ಸುದ್ದಿಯನ್ನು ರಾಷ್ಟ್ರೀಯ ಪ್ರಾಧಿಕಾರದ ಅಧಿಕಾರಿಯೊಬ್ಬರು ದೂರವಾಣಿಯಲ್ಲಿ ತಿಳಿಸಿ, ಹಿಂದೆಯೇ ಪತ್ರ ಕಳಿಸಿದರು. ಎರಡನೆಯ ಪಟ್ಟಿಯ ಕಾರ್ಖಾನೆಗಳಿಗೆ ತಂಡ ಬಂದು ಮುಟ್ಟುವ 48 ಗಂಟೆ ಮೊದಲು ಸೂಚನೆ. ನಮ್ಮ ಗುಂಪಿಗೂ ಮೂರನೆಯ ಪಟ್ಟಿಗೂ 120 ಗಂಟೆ. ಐದು ದಿನ ಎಂದರೆ ಗುಡಿಸಿ ಸಾರಿಸಲು ಸಾಕು, ಪುಸ್ತಕ ಹೊಸದಾಗಿ ಬರೆಯಲು ಸಾಲದು. ಬಹುಶಃ ಆ ಅಳತೆಯನ್ನು ಹಾಗೆಂದೇ ಇಟ್ಟಿರಬೇಕು. ಆ ವಾರ ನಡೆಯಬೇಕಿದ್ದ ಬ್ಯಾಚ್‌ಗಳನ್ನು ನಿಲ್ಲಿಸೋಣವೇ ಎಂದು ನಮ್ಮ ಮ್ಯಾನೇಜರ್ ಕೇಳಿದ್ದಕ್ಕೆ ಪ್ರಾಧಿಕಾರದವರು, ಎಂದಿನಂತೆ ನಡೆಸಿ, ಓಡುತ್ತಿರುವ ಕಾರ್ಖಾನೆಯನ್ನು ನೋಡುವುದೇ ಅವರಿಗೆ ಬೇಕಾದದ್ದು ಎಂದರು.

ಸುದ್ದಿ ಊರಿಗೆ ಸೋರಿದ್ದೂ ಆಯಿತು. ನನ್ನ ಸೋದರಮಾವ ಫೋನ್ ಮಾಡಿ, “ನಿಮ್ಮಲ್ಲೂ ಭೋಪಾಲದ ಗ್ಯಾಸ್ ಅದ ಏನಪಾ?” ಎಂದು ಕೇಳಿದರು. ಜನರ ಮನಸ್ಸಿನಲ್ಲಿ ಎರಡೂ ಒಂದೇ; ಕಾನೂನಿನಲ್ಲಿ ಬೇರೆ ಬೇರೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸೈನೇಟ್ ಈ ಒಪ್ಪಂದದ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ತಯಾರಿಸಲು ಬಳಸುತ್ತಿದ್ದ ಫಾಸ್ಜೀನ್ ಮೂರನೆಯ ಪಟ್ಟಿಯಲ್ಲಿದೆ. ಅವಘಡ ತಡೆಯುವುದಕ್ಕೆ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಮೊದಲಾದವು ಇವೆ, ಅವುಗಳ ತಪಾಸಣೆಗೆ ಬರುವವರೇ ಬೇರೆ. ಈ ಒಪ್ಪಂದ ಕೇಳುವುದು ಉದ್ದೇಶವನ್ನು. ಪಟ್ಟಿಯಲ್ಲಿ ಹೆಸರಿಲ್ಲದ ವಿಷವಸ್ತುವೂ ಕೊಲ್ಲುವ ಉದ್ದೇಶಕ್ಕೆ ಸಿದ್ಧವಾದರೆ ರಾಸಾಯನಿಕ ಅಸ್ತ್ರವೇ ಎಂದು ಅದು ವ್ಯಾಖ್ಯಾನಿಸುತ್ತದೆ. ಆದರೆ ಡ್ರಮ್ಮಿನ ಮುಚ್ಚಳ ತೆಗೆದು ಉದ್ದೇಶವನ್ನು ನೋಡಲಾಗುವುದಿಲ್ಲವಲ್ಲ. ಹಾಗಾಗಿ ಡ್ರಮ್ಮುಗಳನ್ನು ಎಣಿಸುತ್ತಾರೆ.

ತಂಡದಲ್ಲಿ ಮೂವರು ಬೇರೆ ಬೇರೆ ದೇಶಗಳ ತಪಾಸಕರಿದ್ದರು. ಜೊತೆಗೆ ದೆಹಲಿಯಿಂದ ಬಂದ ಬೆಂಗಾವಲು ಅಧಿಕಾರಿಗಳು. ಹೈದರಾಬಾದಿನಿಂದ ರಸ್ತೆಯಲ್ಲಿ ಬಂದರು. ಮೊದಲು ಪೂರ್ವಭಾವಿ ವಿವರಣೆ, ಅದು ಮೂರು ಗಂಟೆ ಮೀರುವಂತಿಲ್ಲ. ನಂತರದ ತಪಾಸಣೆ 24 ಗಂಟೆ ಮೀರುವಂತಿಲ್ಲ, ಎರಡೂ ಕಡೆಯವರು ಒಪ್ಪಿದರೆ ಮಾತ್ರ ವಿಸ್ತರಣೆ. ವಿವರಣೆ ನಾನೇ ಕೊಟ್ಟೆ: ನಕ್ಷೆ, ಯಾವ ಬ್ಲಾಕಿನಲ್ಲಿ ಏನು, ಸುರಕ್ಷತೆಯ ಸೂಚನೆ, ಯಾವ ಮಾಹಿತಿ ಗೋಪ್ಯ. ನಮ್ಮ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ ಒಂದು ಕ್ಯಾಟಲಿಸ್ಟ್‌ನ ಬಗ್ಗೆ ಆತಂಕವಿತ್ತು. ಆ ಚೀಲಗಳ ಮೇಲಿನ ಹೆಸರನ್ನೂ ಕಂಟ್ರೋಲ್ ಪ್ಯಾನೆಲ್‌ನ ಒಂದು ಭಾಗವನ್ನೂ ಮುಚ್ಚಲು ಅನುಮತಿ ಕೇಳಿದೆವು. ತಂಡದ ನಾಯಕಿ, ಅದರಿಂದ ತಮ್ಮ ಉದ್ದೇಶಕ್ಕೆ ತೊಡಕಾದರೆ ಬೇರೆ ದಾರಿ ಕೇಳುತ್ತೇನೆಂದು ಹೇಳಿ ಒಪ್ಪಿದರು. ಕೇಳುವ ಪ್ರಸಂಗ ಬರಲಿಲ್ಲ. ದ್ರಾವಕಗಳ ಪ್ರದೇಶದಲ್ಲಿ ಲ್ಯಾಪ್‌ಟಾಪ್, ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಮೂವರೂ ಪುಟ್ಟ ನೋಟ್‌ಪುಸ್ತಕಗಳಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಅವರು ರಿಯಾಕ್ಟರ್‌ಗಳನ್ನು ನೋಡಿದ ರೀತಿ ನಮ್ಮ ಇತರ ಆಡಿಟರ್‌ಗಳದಕ್ಕಿಂತ ಪೂರ್ತಿ ಬೇರೆ. ಸ್ವಚ್ಛತೆಯ ಚೀಟಿ, ಕ್ಯಾಲಿಬ್ರೇಷನ್ ದಿನಾಂಕಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಯಾವುದು ಸ್ಟೀಲು, ಯಾವುದು ಒಳಗೆ ಗಾಜಿನ ಲೇಪವಿರುವ ಗ್ಲಾಸ್‌ಲೈನ್ಡ್, ದುಬಾರಿ ಮಿಶ್ರಲೋಹದ ಪಾತ್ರೆ ಎಲ್ಲಾದರೂ ಇದೆಯೇ, ಇದ್ದರೆ ಈ ಪ್ರಕ್ರಿಯೆಗೆ ಅದೇಕೆ ಬೇಕು ಎಂದು ಕೇಳಿದರು. ಕೆಲಸಗಾರ ಡ್ರಮ್ ಖಾಲಿ ಮಾಡುವಾಗ ಏನು ತೊಡುತ್ತಾನೆ, ಕೋಣೆಯ ಗಾಳಿ ಎಲ್ಲಿಗೆ ಹೋಗುತ್ತದೆ, ಗೋಡೆಗಳು ಒಂದು ಪದರದವೋ ಎರಡೋ ಎಂದು ವಿಚಾರಿಸಿದರು. ಅತಿ ವಿಷಕಾರಿ ವಸ್ತು ಮಾಡುವವನು ತನ್ನ ಜೀವ ಉಳಿಸಿಕೊಳ್ಳಲು ಮಾಡಿಕೊಳ್ಳಲೇಬೇಕಾದ ಏರ್ಪಾಡುಗಳಿರುತ್ತವೆ. ಅವು ಇಲ್ಲದ ಕಡೆ ಅಂಥ ವಸ್ತುವೂ ಇರುವ ಸಂಭವ ಕಡಿಮೆ ಎಂಬುದು ಅವರ ತರ್ಕವೆಂದು ನನಗೆ ನಿಧಾನವಾಗಿ ಹೊಳೆಯಿತು. ಅಡಿಗೆಮನೆಯಲ್ಲಿ ಹಾವಿಲ್ಲವೆಂದು ನೆಂಟರಿಗೆ ನಂಬಿಸಬೇಕಾದರೆ ಒಂದೊಂದು ಡಬ್ಬವನ್ನೂ ಸರಿಸಿ ತೋರಿಸಬೇಕು. ಹಾಗಿತ್ತು ನಮ್ಮ ಸ್ಥಿತಿ.

ಇದು ಸ್ಪಷ್ಟವಾದದ್ದು ನಮ್ಮ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ. ತಪಾಸಕರಲ್ಲೊಬ್ಬರು ಔಷಧದ ಕಪಾಟನ್ನು ತೆರೆಸಿ, ಒಂದೊಂದೇ ಹೆಸರನ್ನು ಓದಿ, ಅಟ್ರೋಪಿನ್ ಎಷ್ಟಿದೆ ಎಂದು ನರ್ಸ್‌ಗೆ ಕೇಳಿದರು. ಇಲ್ಲ ಎಂದರು ಸಿಸ್ಟರ್. ಅದು ಬೇಕಾಗುವುದು ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರಿಗೆ, ಅಂಥವರನ್ನು ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ತಮಗೆ ತಿಳಿದದ್ದನ್ನು ಸಹಜವಾಗಿ ಸೇರಿಸಿದರು. ತಪಾಸಕರು ತಲೆಯಾಡಿಸಿ ಬರೆದುಕೊಂಡರು. ರಂಜಕದ ಕೀಟನಾಶಕಗಳೂ ಸರಿನ್‌ನಂಥ ಅಸ್ತ್ರಗಳೂ ಒಂದೇ ವಂಶದವು, ನರಗಳ ಒಂದೇ ಕಿಣ್ವವನ್ನು ಹಿಡಿಯುವಂಥವು, ಎರಡಕ್ಕೂ ಕೊಡುವುದು ಅದೇ ಅಟ್ರೋಪಿನ್ ಎಂಬುದನ್ನು ಸಿಸ್ಟರ್‌ಗೆ ಆಮೇಲೆ ನಾನು ಹೇಳಿದೆ.

ಹೆಚ್ಚು ಹೊತ್ತು ಹಿಡಿದದ್ದು ಕಾಗದಗಳೇ. ಥಯೋನಿಲ್ ಕ್ಲೋರೈಡನ್ನು ನಾವು ಘೋಷಿಸಬೇಕಾಗಿರಲಿಲ್ಲ, ಆದರೂ ಷೆಡ್ಡಿನ ಮುಂದೆ ಅವರು ನಿಂತೇಬಿಟ್ಟರು. ವೇಬ್ರಿಡ್ಜ್ ಚೀಟಿ, ಗೇಟಿನ ಇನ್‌ವರ್ಡ್ ರಿಜಿಸ್ಟರ್, ಸ್ಟೋರ್ಸ್‌ನ ದಾಸ್ತಾನು ಪುಸ್ತಕ, ಬ್ಯಾಚ್ ರೆಕಾರ್ಡ್, ಖಾಲಿ ಡ್ರಮ್ಮು ಮರಳಿಸಿದ ರಸೀದಿ, ಇವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಅವರು ಯಾವುದೋ ಒಂದು ತಿಂಗಳನ್ನು ತಾವೇ ಆರಿಸಿ, ಬಂದದ್ದು, ಹೋದದ್ದು, ಉಳಿದದ್ದನ್ನು ತಾಳೆ ನೋಡಿದರು. ಒಂದು ಬ್ಯಾಚ್‌ಗೆ ಹಾಕಿದ ಥಯೋನಿಲ್ ಕ್ಲೋರೈಡಿಗೂ ಹೊರಬಂದ ಉತ್ಪನ್ನಕ್ಕೂ ಹೊಂದಿಕೆ ನೋಡಿ, ಹೆಚ್ಚುವರಿಯಾಗಿ ಹಾಕಿದ್ದು ಎಲ್ಲಿಗೆ ಹೋಯಿತೆಂದು ಕೇಳಿದರು. ಬಟ್ಟಿ ಇಳಿಸಿ ತೆಗೆದ ಪಾಲಿಗೆ ಪ್ರತ್ಯೇಕ ದಾಖಲೆ ತೋರಿಸಿದೆವು. ಕ್ರಿಯೆಯಲ್ಲಿ ಹುಟ್ಟುವ ಗಂಧಕದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್, ಅನಿಲಗಳನ್ನು ತೊಳೆದು ಹೀರಿಕೊಳ್ಳುವ ಸ್ಕ್ರಬ್ಬರ್‌ನ ಕಾಸ್ಟಿಕ್ ದ್ರಾವಣಕ್ಕೆ ಹೋಗುತ್ತವಾದ್ದರಿಂದ ಆ ತಿಂಗಳು ಕರಗಿದ ಕಾಸ್ಟಿಕ್ ಸೋಡಾದ ಲೆಕ್ಕವೂ ಬೇಕಾಯಿತು. ಮಾಲಿನ್ಯ ಮಂಡಳಿಗೆಂದು ನಾವು ಇಟ್ಟುಕೊಂಡಿದ್ದ ಸ್ಕ್ರಬ್ಬರ್ ಪುಸ್ತಕ ಅಸ್ತ್ರದ ತನಿಖೆಗೆ ಸಾಕ್ಷಿ ಹೇಳಿತು. ಹೊರಗೆ ಬಿಸಿಲಿನಲ್ಲಿ ಖಾಲಿ ಡ್ರಮ್ಮುಗಳ ಸಾಲಿನ ಮುಂದೆ ಇನ್ನೊಬ್ಬ ತಪಾಸಕರು ಬೆರಳು ಮಡಚುತ್ತಾ ನಡೆಯುತ್ತಿದ್ದುದನ್ನು ಕಂಡು ನಮ್ಮ ಸ್ಟೋರ್‌ಕೀಪರ್ ನನ್ನ ಕಿವಿಯಲ್ಲಿ, “ಏನ್ರಿ ಸಾಹೇಬ್ರ, ಇಷ್ಟ್ ದೂರದಿಂದ ಬಂದು ಖಾಲಿ ಡ್ರಮ್ ಎಣಸ್ಲಾಕತ್ತಾರ?” ಎಂದ. ಆತನ ಪುಸ್ತಕದ ಅಂಕಿಯೂ ಅವರ ಎಣಿಕೆಯೂ ತಾಳೆಯಾದಾಗ ಎಲ್ಲರಿಗಿಂತ ಹೆಚ್ಚು ಬೀಗಿದವನೂ ಆತನೇ.

ಮಾದರಿ ತೆಗೆದು ಪರೀಕ್ಷಿಸುವ ಅಧಿಕಾರವೂ ಅವರಿಗಿದೆ, ಆದರೆ ನಮ್ಮಲ್ಲಿ ತೆಗೆಯಲಿಲ್ಲ. ತೆಗೆದರೆ ಪ್ರಕ್ರಿಯೆಯ ಗುಟ್ಟು ಬಯಲಾಗುವುದೇ ಎಂಬ ನಮ್ಮವರ ಪ್ರಶ್ನೆಗೆ ಕೊಟ್ಟ ಉತ್ತರ ಕುತೂಹಲಕರವಾಗಿತ್ತು: ಅವರ ಉಪಕರಣವನ್ನು ಎಲ್ಲವನ್ನೂ ತೋರಿಸದ ವಿಧಾನದಲ್ಲಿ ನಡೆಸಬಹುದು; ಆಗ ಅದು ತನ್ನ ಭಂಡಾರದಲ್ಲಿರುವ ಪಟ್ಟಿ ವಸ್ತುಗಳ ಗುರುತು ಸಿಕ್ಕಿತೇ ಇಲ್ಲವೇ ಎಂದಷ್ಟೇ ಹೇಳುತ್ತದೆ, ಉಳಿದದ್ದನ್ನು ತೆರೆಯ ಮೇಲೆ ತರುವುದೇ ಇಲ್ಲ. ಛಾಯಾಚಿತ್ರ ಬೇಕಾದಾಗಲೂ ಅವರು ಕೇಳಿದರು, ನಮ್ಮ ಕಡೆಯವರು ತೆಗೆದರು.

ಕೊನೆಯಲ್ಲಿ ಪ್ರಾಥಮಿಕ ಫಲಿತಾಂಶಗಳ ಕರಡನ್ನು ಸಭಾಕೊಠಡಿಯಲ್ಲೇ ಟೈಪ್ ಮಾಡಿ, ವಾಕ್ಯ ವಾಕ್ಯವಾಗಿ ಓದಿ ತಿದ್ದಿದರು. ನಮ್ಮ ಒಂದು ಬ್ಲಾಕನ್ನು ಅವರು ಒಂದು ಸ್ಥಾವರವೆಂದೂ ನಾವು ಎರಡೆಂದೂ ಎಣಿಸಿದ್ದೆವು. ಅದರ ಮೇಲೆ ಸಾಕಷ್ಟು ಚರ್ಚೆ ನಡೆದು, ಮುಂದಿನ ಘೋಷಣೆಯಲ್ಲಿ ವಿವರಣೆ ಸೇರಿಸುವುದೆಂದು ಪ್ರಾಧಿಕಾರದ ಅಧಿಕಾರಿ ಒಪ್ಪಿಕೊಂಡರು. ಮೊದಲ ಪಟ್ಟಿಯ ಯಾವ ವಸ್ತುವಿನ ಕುರುಹೂ ಕಾಣಲಿಲ್ಲವೆಂದು ಆ ಕರಡಿನಲ್ಲಿ ಒಂದೇ ಸಾಲು. ನಾಯಕಿಯೂ ದೇಶದ ಪರವಾಗಿ ಪ್ರಾಧಿಕಾರದ ಅಧಿಕಾರಿಯೂ ಸಹಿ ಹಾಕಿದರು. ಕಾರ್ಖಾನೆಯ ಸಹಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಒಪ್ಪಂದದ ಮುಂದೆ ಉತ್ತರ ಕೊಡಬೇಕಾದದ್ದು ದೇಶ. ಅಂತಿಮ ವರದಿ ಹತ್ತು ದಿನಗಳೊಳಗೆ ಸಿದ್ಧವಾಗಬೇಕೆಂಬ ನಿಯಮವಿದ್ದು, ಅದರ ನಮಗೆ ಸಂಬಂಧಪಟ್ಟ ಭಾಗ ಪ್ರಾಧಿಕಾರದ ಮೂಲಕ ಬಂತು.

ತಪಾಸಣೆಯ ನಂತರ ಹೆಚ್ಚು ಬದಲಾದದ್ದು ಮಾರಾಟ ವಿಭಾಗ. ರಫ್ತಿಗೆ ಸ್ಕೋಮೆಟ್ ಎಂಬ, ನಿಯಂತ್ರಿತ ವಸ್ತುಗಳ ಪ್ರತ್ಯೇಕ ಪಟ್ಟಿಯಿದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೋಡಿಕೊಳ್ಳುವ ಅದರ ಒಂದನೆಯ ವರ್ಗದಲ್ಲಿ ಈ ಮೂರೂ ಪಟ್ಟಿಗಳು ಸೇರಿವೆ, 2018ರಲ್ಲಿ ಭಾರತ ಸೇರಿದ, ಇಂಥ ರಫ್ತಿನ ಮೇಲೆ ಹತೋಟಿ ಇಡುವ ದೇಶಗಳ ಕೂಟವಾದ ಆಸ್ಟ್ರೇಲಿಯಾ ಗುಂಪು ಕಣ್ಣಿಡುವ ಇನ್ನಷ್ಟು ವಸ್ತುಗಳೂ ಇವೆ. ಮೊದಲ ಪಟ್ಟಿಯದು ರಫ್ತಿಗೆ ಇಲ್ಲ. ಮೂರನೆಯದನ್ನು ಒಪ್ಪಂದದ ಹೊರಗಿರುವ ದೇಶಕ್ಕೆ ಕಳಿಸಬೇಕಾದರೆ ಅಂತಿಮ ಬಳಕೆದಾರ ಯಾರು, ಯಾವುದಕ್ಕೆಂಬ ಪ್ರಮಾಣಪತ್ರ ಬೇಕು. ಪಟ್ಟಿಯಲ್ಲಿಲ್ಲದ ವಸ್ತುವಾದರೂ ಅಸ್ತ್ರಕ್ಕೆ ಹೋಗುತ್ತದೆಂದು ಗೊತ್ತಿದ್ದೂ ಕಳಿಸುವಂತಿಲ್ಲವೆಂದು 2005ರ ಸಾಮೂಹಿಕ ವಿನಾಶ ಅಸ್ತ್ರಗಳ ಕಾಯ್ದೆ ಹೇಳುತ್ತದೆ.

ಹೊರದೇಶದ ದಲ್ಲಾಳಿ ಸಂಸ್ಥೆಯೊಂದು ನಮ್ಮ ಇಂಟರ್‌ಮೀಡಿಯೆಟ್ ಜೊತೆಗೆ, ಅದೇ ಕಂಟೇನರಿನಲ್ಲಿ, ಸ್ವಲ್ಪ ಥಯೋನಿಲ್ ಕ್ಲೋರೈಡನ್ನೂ ಕಳಿಸಲಾದೀತೇ ಎಂದು ಕೇಳಿತು. ಬೆಲೆ ಒಳ್ಳೆಯದಿತ್ತು, ದೇಶವೂ ಒಪ್ಪಂದದ ಸದಸ್ಯ. ಮಾರಾಟದವರು ನನ್ನ ಬಳಿ ಬಂದರು. ಸರಕು ಕೊನೆಗೆ ಯಾವ ಕಾರ್ಖಾನೆಯನ್ನು ಸೇರುತ್ತದೆ, ಅಲ್ಲಿ ಏನು ತಯಾರಾಗುತ್ತದೆ ಎಂದು ಬರೆದು ಕೊಡಲಿ ಎಂದೆ. ಎರಡು ಸಲ ಪತ್ರ ಹೋಯಿತು. ಬಂದ ಉತ್ತರದಲ್ಲಿ ದಲ್ಲಾಳಿ ಸಂಸ್ಥೆಯ ಗೋದಾಮಿನ ವಿಳಾಸವಿತ್ತು, ಬಳಕೆದಾರನ ಕಲಂ ಖಾಲಿ ಇತ್ತು. ಇಂಟರ್‌ಮೀಡಿಯೆಟ್ ಮಾತ್ರ ಕಳಿಸುತ್ತೇವೆಂದು ಬರೆದೆವು. ಅವರು ಅದನ್ನೂ ಬೇಡವೆಂದರು. ಮಾರಾಟದವರು ಆ ತ್ರೈಮಾಸಿಕವಿಡೀ ನನ್ನೊಡನೆ ಬಿಗುವಾಗಿಯೇ ಇದ್ದರು. ಕಡತದಲ್ಲಿ ಆ ಖಾಲಿ ಕಲಂನ ಪತ್ರವನ್ನು ಮೇಲೆಯೇ ಇಟ್ಟಿದ್ದೇನೆ, ಮುಂದೆ ಯಾರಾದರೂ ಕೇಳಿದರೆ ಹುಡುಕಬೇಕಾಗದಿರಲೆಂದು.